ಮಗಳಿಗೊಂದು ಪತ್ರ: ಆ ರಜೆ ನಿನ್ನೊಬ್ಬಳದಲ್ಲ

ಧಾರವಾಡ
ಶ್ರಾವಣ ಮಾಸ, ಪಂಚಮಿಯ ಮರುದಿನ

ಪ್ರೀತಿಯ ಮಗಳಿಗೆ,

ಭಾನುವಾರ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳಿದೆ. ಕಣ್ಣಿನ ಆಪರೇಷನ್ನಿನ ತಂಡದ ಜೊತೆ ಆಫ್ರಿಕಾದ ಮಲಾವಿಗೆ ಹೋದ ನಿನಗೆ ಆ ದಿನ ರಜೆ ಕೊಟ್ಟಿದ್ದರೂ ನೀನು ವಾರ್ಡಿಗೆ ಹೋದೆ. ಜೊತೆಯವರೆಲ್ಲ ವ್ಯಾನ್ ಮಾಡಿಕೊಂಡು ಸರೋವರ ನೋಡಲು ಹೋದರು, ನೀನೊಬ್ಬಳು ಉಳಿದೆ. "ಗೇಟಿನ ಹೊರಗೆ ಅಷ್ಟು ಜನ ಕೂತಿರುವಾಗ ನಾನು ಹೇಗೆ ಅಡ್ಡಾಡಲಿ ಅವ್ವಾ?" ಅಂತ ಕೇಳಿದೆ. ಮುಂದಿನ ಭಾನುವಾರ ಥಿಯೇಟರ್ ತೆಗೆಸಿ ಇನ್ನಷ್ಟು ಆಪರೇಷನ್ ಮಾಡೋಣ ಅಂತ ತಂಡದ ಹಿರಿಯರನ್ನು ಕೇಳುವ ವಿಚಾರವೂ ಇದೆ ಅಂದೆ.

ಇದಕ್ಕೆ ಫೋನಿನಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ನಮಗೂ ಮಲಾವಿಗೂ ಮೂರೂವರೆ ತಾಸಿನ ಅಂತರ. ನೀನು ಬಿಡುವಾಗುವ ಹೊತ್ತಿಗೆ ಇಲ್ಲಿ ನಿಮ್ಮಪ್ಪ ಮಲಗಿರುತ್ತಾರೆ, ನಾನೂ ಅರ್ಧ ನಿದ್ದೆಯಲ್ಲಿರುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಸಾವಕಾಶ ಓದು.

ಕೇಳಬೇಡ ಮಗಳೇ. ಆ ದಿನ ಥಿಯೇಟರ್ ತೆಗೆಸಬೇಡ.

ಇದನ್ನು ತಾಯಿಯ ಕಕ್ಕುಲಾತಿ ಅಂದುಕೊಳ್ಳಬೇಡ. ಅದೂ ಇದೆ, ಇಲ್ಲ ಅನ್ನಲ್ಲ. ಆದರೆ ಇದು ನೌಕರಿಯ ಬಹುಪಾಲು ಕಣ್ಣಿನ ಥಿಯೇಟರಿನಲ್ಲೇ ಕಳೆದ ಒಬ್ಬ ಸ್ಟಾಫ್ ನರ್ಸ್ ಹೇಳುವ ಮಾತು. ನೀನು ಟೇಬಲ್ಲಿನ ಒಂದು ಕಡೆ ಕೂತಿದ್ದೀಯ. ನಾನು ಇಷ್ಟು ವರ್ಷ ಇನ್ನೊಂದು ಕಡೆ ನಿಂತಿದ್ದೆ. ಅಲ್ಲಿಂದ ಕಾಣುವುದೇ ಬೇರೆ.

ನಾನು ಕೆಲಸಕ್ಕೆ ಸೇರಿದ ಹೊತ್ತಿನಲ್ಲಿ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಅವು ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಕಣ್ಣಿನ ಕ್ಯಾಂಪ್ ಅಂದರೆ ಆಗ ಹಳ್ಳಿಯ ಸಾಲಿಯಲ್ಲೇ ಆಪರೇಷನ್. ಒಂದು ಕೋಣೆ ತೊಳೆದು ಥಿಯೇಟರ್ ಮಾಡುವುದು, ಉಳಿದ ಕೋಣೆಗಳಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನ ಹಾಸುವುದು. ಪೊರೆ ತೆಗೆದ ಮೇಲೆ ರೋಗಿ ತಲೆ ಅಲ್ಲಾಡಿಸಬಾರದು. ಎರಡೂ ಬದಿಗೆ ಮರಳಿನ ಚೀಲ ಇಡುತ್ತಿದ್ದೆವು. ಊರಿನವರು ಗಂಜಿ ಕಾಸಿ ತರುತ್ತಿದ್ದರು. ಕಣ್ಣೊಳಗೆ ಲೆನ್ಸ್ ಕೂರಿಸುವುದು ಆ ಕ್ಯಾಂಪುಗಳಲ್ಲಿ ಇನ್ನೂ ಬಂದಿರಲಿಲ್ಲ. ಮುಂದೆ ಜೀವನಪೂರ್ತಿ ಸೋಡಾ ಬುಡ್ಡಿ ಕನ್ನಡಕವೇ. ಆಮೇಲೆ ಸೋಂಕಿನ ಭಯಕ್ಕೆ ಈ ಪದ್ಧತಿ ನಿಂತಿತು. ಹಳ್ಳಿಯಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಗೆ ಕರೆತಂದೇ ಮಾಡಬೇಕು ಅಂತಾಯಿತು. ಅದು ಒಳ್ಳೆಯದೇ ಆಯಿತು.

ಬೀಳಗಿಯ ಡಾ. ಎಂ. ಸಿ. ಮೋದಿಯವರ ಹೆಸರು ಆಗ ಮನೆಮನೆಗೂ ಗೊತ್ತು. ಒಂದೇ ದಿನ ನೂರಾರು ಕಣ್ಣು ಆಪರೇಷನ್ ಮಾಡುವ ಡಾಕ್ಟರು ಅಂತ ಜನ ಕೈ ಮುಗಿಯುತ್ತಿದ್ದರು. ನೀನು ಕಣ್ಣಿನ ಡಾಕ್ಟರಾಗಬೇಕು ಅಂದುಕೊಂಡದ್ದೂ ಅವರ ಕತೆ ಕೇಳಿಯೇ ಅಲ್ವಾ? ಆ ಗೌರವ ನನಗೂ ಇದೆ. ಆದರೆ ನೂರಾರು ಕಣ್ಣು ಅನ್ನುವ ಲೆಕ್ಕದಲ್ಲಿ ಡಾಕ್ಟರ ಕೈ ಒಂದೇ ಕಾಣುತ್ತದೆ. ರೋಗಿಯನ್ನು ಕೈಹಿಡಿದು ತಂದು ಮಲಗಿಸಿದವರು, ರೆಪ್ಪೆಗೂದಲು ಕತ್ತರಿಸಿದವರು, ಹನಿ ಹಾಕಿದವರು, ಚಿಮಟ ಕುದಿಸಿದವರು, ರಾತ್ರಿ ಎದ್ದೆದ್ದು ಪಟ್ಟಿ ನೋಡಿದವರು, ಯಾರೂ ಆ ಲೆಕ್ಕದಲ್ಲಿ ಬರುವುದಿಲ್ಲ.

ಒಮ್ಮೆ ದೂರದ ದೊಡ್ಡ ಊರಿನಿಂದ ಒಂದು ತಂಡ ನಮ್ಮ ಕ್ಯಾಂಪಿಗೆ ಬಂದಿತ್ತು. ಒಳ್ಳೆಯ ಕೈಗುಣದ ಡಾಕ್ಟರುಗಳು. ಭಾನುವಾರ ಬಿಡುವು ಅಂತ ಮೊದಲೇ ಗೊತ್ತಾಗಿತ್ತು. ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಹುರುಪು ಬಂತು. ನಾಳೆಯೂ ಮಾಡೋಣ, ಸುಮ್ನೆ ಯಾಕೆ ದಿನ ಕಳೆಯುವುದು ಅಂದರು. ಎಲ್ಲರೂ ಹೂಂ ಅಂದರು. ನಮ್ಮ ಜೊತೆ ಒಬ್ಬ ಆಯಾ ಇದ್ದಳು. ಆ ಭಾನುವಾರ ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಳೂ ಹೂಂ ಅಂದಳು. ಡಾಕ್ಟರಿಗೆ ಒಲ್ಲೆ ಅನ್ನುವುದು ಅವಳಿಗೆ ಹೇಗೆ ಸಾಧ್ಯ? ಬೆಳಗಿನಿಂದ ರಾತ್ರಿವರೆಗೆ ಬಕೆಟ್ ಹೊತ್ತಳು. ಅವಳ ಮನೆಗೆ ಗಂಡಿನವರು ಬಂದು ಹೋದರು, ಹೆಣ್ಣಿನ ತಾಯಿಯೇ ಇರಲಿಲ್ಲ. ಡಾಕ್ಟರುಗಳು ಸೋಮವಾರ ಸಂಜೆ ರೈಲು ಹತ್ತಿದರು. ನಾವು ಆ ರೋಗಿಗಳ ಜೊತೆ ಉಳಿದೆವು, ಪಟ್ಟಿ ಬಿಚ್ಚುವ ದಿನದವರೆಗೆ.

ಅವರು ಕೆಟ್ಟವರಲ್ಲ. ನಿನ್ನ ಹಾಗೇ ಒಳ್ಳೆಯ ಮನಸ್ಸಿನವರು. ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ಭಾನುವಾರ ಒಂದು ಆಪರೇಷನ್ ಆಗಬೇಕಾದರೂ ಅಲ್ಲಿ ಯಾರು ಯಾರು ಬರಬೇಕು, ಎಣಿಸು. ಉಪಕರಣ ಕೈಗೆ ಕೊಡುವ ಸ್ಕ್ರಬ್ ನರ್ಸ್ ಬರಬೇಕು. ಉಪಕರಣಗಳನ್ನು ಉಗಿಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಹಚ್ಚುವವನು ಬರಬೇಕು. ರೋಗಿಗೆ ಕಣ್ಣಿನ ಬದಿಗೆ ಇಂಜೆಕ್ಷನ್ ಕೊಡುವವರು, ಭಾಷೆ ತಿಳಿಸಿ ಹೇಳುವವರು, ನೆಲ ಒರೆಸುವವಳು, ನಿಮ್ಮನ್ನು ಕರೆತರುವ ಡ್ರೈವರ್. ನೀನು ಮೂರು ವಾರಕ್ಕೆ ಹೋಗಿದ್ದೀಯ. ಅವರು ವರ್ಷವಿಡೀ ಅಲ್ಲೇ ದುಡಿಯುತ್ತಾರೆ. ಅವರಿಗೆ ಭಾನುವಾರ ಚರ್ಚಿದೆ, ಮಕ್ಕಳಿದ್ದಾರೆ, ಒಗೆಯುವ ಬಟ್ಟೆ ಇದೆ. ವಿದೇಶದಿಂದ ಬಂದ ಡಾಕ್ಟರು ಕೇಳಿದರೆ ಅವರೂ ಹೂಂ ಅನ್ನುತ್ತಾರೆ. ಅವರ ಹೂಂ ಅನ್ನು ನೀನು ಒಪ್ಪಿಗೆ ಅಂತ ತಿಳಿಯಬೇಡ.

ಇನ್ನೊಂದು ಮಾತು. ಮಲಾವಿಯಲ್ಲಿ ಕಣ್ಣಿನ ಡಾಕ್ಟರುಗಳು ಬಹಳ ಕಡಿಮೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಕಣ್ಣಿನ ಕೆಲಸವನ್ನೆಲ್ಲ ಹೊತ್ತಿರುವವರು ಅದಕ್ಕೆಂದೇ ತರಬೇತಿ ಪಡೆದ ಕ್ಲಿನಿಕಲ್ ಆಫೀಸರುಗಳು ಅಂತ ನೀನೇ ಹೇಳಿದ್ದೆ. ಎಂ.ಬಿ.ಬಿ.ಎಸ್. ಮಾಡಿದವರಲ್ಲ, ಆದರೆ ಪೊರೆಯ ಆಪರೇಷನ್ನನ್ನೂ ಮಾಡುತ್ತಾರೆ. ನೀನು ಬಂದ ಮೇಲೆ ಕಣ್ಣು ಕೆಂಪಾದರೆ, ಹನಿ ಮುಗಿದರೆ, ಕಣ್ಣೊಳಗಿನ ಒತ್ತಡ ಏರಿದರೆ ನೋಡುವವರು ಅವರೇ. ಆ ದೇಶವನ್ನು ಕಡಿಮೆ ಅಂತ ಎಣಿಸಬೇಡ ಮಗಳೇ. ಟ್ರಕೋಮಾ ಅನ್ನುವ ಕಣ್ಣಿನ ರೋಗದ ಕಾಟದಿಂದ ಮಲಾವಿ ಪಾರಾಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿತು. ದಕ್ಷಿಣ ಆಫ್ರಿಕಾ ಭಾಗದಲ್ಲಿ ಮೊದಲ ದೇಶ ಅದು. ನಮ್ಮ ಭಾರತಕ್ಕೆ ಆ ಮಾತು ಸಿಕ್ಕಿದ್ದು 2024ರಲ್ಲಿ. ಮಲೇರಿಯಾ ಲಸಿಕೆಯನ್ನು ಊರೂರಿನ ಮಕ್ಕಳಿಗೆ ಕೊಡಲು ಶುರು ಮಾಡಿದ್ದೂ ಅಲ್ಲೇ ಮೊದಲು, 2019ರಲ್ಲಿ. ಇದನ್ನೆಲ್ಲ ಮಾಡಿದವರು ಹಳ್ಳಿ ಸುತ್ತುವ ಅಲ್ಲಿನ ನೌಕರರು. ಒಂದು ದಿನ ನೀನು ಕೈಕಟ್ಟಿ ಕೂತರೆ ಅಲ್ಲಿ ಏನೂ ನಿಲ್ಲುವುದಿಲ್ಲ.

ಥಿಯೇಟರಿಗೂ ರಜೆ ಬೇಕು ಅನ್ನುವುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ಗೋಡೆ ತೊಳೆಯಬೇಕು, ಉಪಕರಣ, ಬಟ್ಟೆ ತುಂಬಿಡುವ ಡ್ರಮ್ಮುಗಳನ್ನು ನೋಡಬೇಕು, ಲಿನನ್ ಒಗೆದು ಒಣಗಿಸಬೇಕು. ಆಟೋಕ್ಲೇವಿನ ಉಗಿ 121 ಡಿಗ್ರಿಗೆ ಏರಿ ಅಲ್ಲೇ ಕಾಲು ತಾಸಾದರೂ ನಿಲ್ಲಬೇಕು. ಅವಸರಕ್ಕೆ ನಡುವೆ ಬಾಗಿಲು ತೆಗೆದರೆ ಮುಗಿಯಿತು. ಹಾಗೆ ಬಂದ ಕಣ್ಣಿನ ಸೋಂಕು ಒಬ್ಬರಿಗೇ ನಿಲ್ಲುವುದಿಲ್ಲ, ಆ ದಿನ ಆ ಟೇಬಲ್ಲಿನ ಮೇಲೆ ಮಲಗಿದ ಸಾಲಿಗೇ ಬರುತ್ತದೆ. ನಿನ್ನ ಕೈಯ ವಿಷಯವೂ ಇದೆ. ಕಣ್ಣೊಳಗೆ ಲೆನ್ಸ್ ಕೂರುವ ಆ ಚೀಲದ ಹಿಂದಿನ ಪದರ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ವಾರವಿಡೀ ಮೈಕ್ರೋಸ್ಕೋಪಿಗೆ ಕತ್ತು ಬಗ್ಗಿಸಿ ಕೂತ ಡಾಕ್ಟರ ಬೆರಳು ಏಳನೆಯ ದಿನ ಹೇಗಿರುತ್ತದೆ ಅಂತ ಎದುರು ನಿಂತವರಿಗೆ ಗೊತ್ತು. ಡಾಕ್ಟರಿಗೆ ಗೊತ್ತಾಗುವ ಮೊದಲೇ ನಮಗೆ ಗೊತ್ತಾಗುತ್ತಿತ್ತು.

ಅಣ್ಣಿಗೇರಿಯ ನಿನ್ನ ಅಜ್ಜ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ವಾರ. ಮಳೆ ಬಿದ್ದು ನೆಲ ಹದಕ್ಕೆ ಬಂದಿರಲಿ, ಪಕ್ಕದ ಹೊಲದವರ ಬಿತ್ತನೆ ಮುಗಿದಿರಲಿ, ಸೋಮವಾರ ಅಂದರೆ ಎತ್ತಿನ ಮೈ ತೊಳೆದು ಗೋದಲಿಗೆ ಕಟ್ಟುವುದೇ. ಹದ ಮತ್ತೆ ಬರುತ್ತದೆ ಅನ್ನುತ್ತಿದ್ದರು. ನಿನ್ನ ಥಿಯೇಟರಿನ ಭಾನುವಾರವನ್ನು ಹಾಗೇ ತಿಳಿ.

ಈಗ ಗೇಟಿನ ಜನರ ವಿಷಯ. ಅದನ್ನು ನಾನು ಮರೆತಿಲ್ಲ. ದೂರದ ಹಳ್ಳಿಯಿಂದ ಸೈಕಲ್ಲಿನ ಹಿಂದೆ ಕೂತು ಬಂದವರು, ಕೈಗೋಲು ಹಿಡಿದು ಮೊಮ್ಮಗನ ಹಿಂದೆ ನಡೆದು ಬಂದವರು. ರೋಗಿಯ ಜೊತೆ ಬಂದವರು ಆಸ್ಪತ್ರೆಯ ಹೊರಗೇ ಒಲೆ ಹೂಡಿ ಅಡಿಗೆ ಮಾಡುತ್ತಾರೆ ಅಂದೆಯಲ್ಲ, ನಮ್ಮ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಆವರಣದಲ್ಲಿ ಬುತ್ತಿ ಬಿಚ್ಚಿ ಕೂತವರು ಕಣ್ಣಮುಂದೆ ಬಂದರು. ಇವರಿಗೆ ಭಾನುವಾರ ಬೇಕಾದದ್ದು ಆಪರೇಷನ್ ಅಲ್ಲ. ನಾಳೆ ನನ್ನ ಸರದಿ ಬರುತ್ತದೆ ಅನ್ನುವ ಖಾತ್ರಿ. ಶನಿವಾರ ಸಂಜೆಯೇ ಎಲ್ಲರಿಗೂ ಚೀಟಿ ಕೊಡಿಸು. ಚೀಟಿಯ ಮೇಲೆ ಸೋಮವಾರದ ಸರದಿ ಸಂಖ್ಯೆ ಇರಲಿ. ನೆರಳು, ಕುಡಿಯುವ ನೀರು, ಕತ್ತಲಾದರೆ ಹೆಂಗಸರು ಹೋಗಿ ಬರಲು ದೀಪ ಇದೆಯೇ ಅಂತ ಆಡಳಿತದವರನ್ನು ಕೇಳು. ಒಂದೇ ಕಣ್ಣಿನ ಪೊರೆಯವರಿಗಿಂತ ಎರಡೂ ಕಣ್ಣು ಹೋದವರನ್ನು ಮುಂದೆ ಹಾಕಿ ಅನ್ನು. ಇಷ್ಟಾದರೆ ಭಾನುವಾರ ನೀನು ಗೇಟು ದಾಟಿ ಹೋಗುವಾಗ ತಲೆ ತಗ್ಗಿಸಬೇಕಾಗಿಲ್ಲ. ನಮಸ್ಕಾರ ಮಾಡಿ ಹೋಗು. ಆಪರೇಷನ್ ಆದವರನ್ನು ನೋಡಲು ಪಾಳಿಯ ಮೇಲೆ ಯಾರೋ ಒಬ್ಬರು ಇದ್ದೇ ಇರುತ್ತಾರೆ. ನಿನ್ನ ಪಾಳಿ ಬಂದ ದಿನ ನೀನಿರು. ಗೆಸ್ಟ್ ಹೌಸಿನ ಬಾಗಿಲಿಗೆ ಯಾರಾದರೂ ಔಷಧಿ ಕೇಳಿ ಬಂದರೆ ಚೀಲದಿಂದ ಗುಳಿಗೆ ತೆಗೆದುಕೊಡಬೇಡ. ಅವರ ದಾಖಲೆ ಇರುವುದು ಆಸ್ಪತ್ರೆಯಲ್ಲಿ, ಅಲ್ಲಿಗೇ ಕಳಿಸು.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ನೀನು ವಾರ್ಡಿಗೆ ಓಡಿದ್ದಕ್ಕೆ ಗೇಟಿನ ಜನ ಮಾತ್ರ ಕಾರಣವಾ? ಆ ಪುಟ್ಟ ಹುಡುಗನ ವಿಷಯ ಹೇಳುವಾಗ ನಿನ್ನ ದನಿ ಬೇರೆ ಆಯಿತು. ದಡಾರದ ನಂತರ ಎರಡೂ ಕಣ್ಣುಗುಡ್ಡೆ ಬೆಳ್ಳಗಾಗಿ, ಯಾರೋ ಹಿಂಡಿದ ಸೊಪ್ಪಿನ ರಸದಿಂದ ಹುಣ್ಣು ಹೆಚ್ಚಾಗಿ, ನಿಮ್ಮ ಹತ್ತಿರ ಬರುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ ಅಂದೆ. ಬಡಬಡ ಹೇಳಿ ಮುಂದಿನ ಮಾತಿಗೆ ಹೋದೆ. ಕೆಲಸದ ದಿನ ಇಂಥವು ನೆನಪಾಗುವುದಿಲ್ಲ ಮಗಳೇ. ಒಂದು ಕಣ್ಣು ಮುಗಿಯುವುದರೊಳಗೆ ಇನ್ನೊಂದು ಬಂದಿರುತ್ತದೆ. ರಜೆಯ ದಿನವೇ ಅವು ಎದುರು ಬಂದು ನಿಲ್ಲುತ್ತವೆ. ಬಹಳ ನರ್ಸುಗಳು ಆ ದಿನಕ್ಕೆ ಹೆದರಿ ಬೇರೆಯವರ ಡ್ಯೂಟಿ ಹಾಕಿಸಿಕೊಳ್ಳುವುದನ್ನು ನೋಡಿದ್ದೇನೆ. ಹಾಗೆ ಮಾಡಿದವರು ಕೊನೆಗೆ ಕೆಲಸವನ್ನೇ ಬಿಟ್ಟರು. ಅಳು ಬಂದರೆ ಅಳು. ತಂಡದ ಹಿರಿಯರ ಹತ್ತಿರ ಆ ಹುಡುಗನ ಬಗ್ಗೆ ಮಾತಾಡು. ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ದಡಾರದ ಚುಚ್ಚುಮದ್ದು, ಎ ಜೀವಸತ್ವದ ಹನಿ ಇವು ಸಿಕ್ಕಿದ್ದರೆ ಆ ಕಣ್ಣು ಉಳಿಯುತ್ತಿತ್ತು ಅಂತ ನಿನಗೂ ಗೊತ್ತು. ಅದು ನಿನ್ನ ಚಾಕುವಿನ ಕೆಲಸ ಆಗಿರಲೇ ಇಲ್ಲ.

ಹಾಗಾದರೆ ಆ ದಿನ ಏನು ಮಾಡಲಿ ಅಂತ ಕೇಳುತ್ತೀಯ. ಹೊರಗೆ ಹೋಗು.

ಗದಗ ಕಡೆಯ ಒಂದು ಕ್ಯಾಂಪಿನಲ್ಲಿ ಬಿಡುವಿನ ದಿನ ನಾವು ನಾಲ್ಕು ಜನ ನರ್ಸುಗಳು ಲಕ್ಕುಂಡಿಗೆ ಹೋಗಿದ್ದೆವು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಿದೆವು. 1007ರದ್ದು, ಸಾವಿರ ವರ್ಷ ಹಳೆಯದು. ಅದನ್ನು ನೋಡಿ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಅಲ್ಲಿಗೆ ಒಬ್ಬ ಮುದುಕಿ ಮಗು ಎತ್ತಿಕೊಂಡು ಬಂದಳು. ಎರಡೂ ಕಣ್ಣು ಬಿಳಿ. ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿಯುತ್ತಿದ್ದಳು. ಕ್ಯಾಂಪು ಅವಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇತ್ತು. ಯಾಕಜ್ಜಿ ಬರಲಿಲ್ಲ ಅಂದೆವು. ನಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟೆವು, ಅವಳು ಕೂತಳು. ಗಂಡನದು ಹೋದ ವರ್ಷದ ಕ್ಯಾಂಪಿನಲ್ಲೇ ಆಗಿದೆಯಂತೆ. ಸೊಸೆ ದಿನಾ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ತಾನು ಅಲ್ಲಿ ಮಲಗಿದರೆ ಈ ಕೂಸನ್ನು ನೋಡುವವರು ಯಾರು ಅಂದಳು. ಕಣ್ಣಿಲ್ಲದಿದ್ದರೂ ಕೂಸನ್ನು ಅವಳೇ ನೋಡುತ್ತಿದ್ದಳು.

ಕ್ಯಾಂಪಿನ ಟೇಬಲ್ಲಿಗೆ ಬಂದವರನ್ನಷ್ಟೇ ನಾವು ಎಣಿಸುತ್ತಿದ್ದೆವು. ಬಾರದವರು ಯಾಕೆ ಬರಲಿಲ್ಲ ಅಂತ ಅಲ್ಲಿ ಹೇಳುವವರು ಯಾರು? ಜಗತ್ತಿನಲ್ಲಿ ದೃಷ್ಟಿ ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಆಪರೇಷನ್ನಿಗೆ ಬರುವ ಸಾಲಿನಲ್ಲಿ ಮಾತ್ರ ಅವರು ಹಿಂದೆ. ಅದಾದ ಮೇಲಿನ ಕ್ಯಾಂಪುಗಳಲ್ಲಿ ಹೆಂಗಸರು ಮಕ್ಕಳನ್ನು ಕರೆದುಕೊಂಡೇ ಬರಬಹುದು ಅಂತ ಡಂಗುರ ಸಾರಿಸಿದೆವು. ಒಂದು ಕೋಣೆ ಬಿಡಿಸಿದೆವು, ಊರಿನ ಹುಡುಗಿಯರು ಮಕ್ಕಳನ್ನು ಆಡಿಸಿದರು. ಆ ಅಜ್ಜಿಯ ಎಡಗಣ್ಣಿನ ಪೊರೆ ತೆಗೆದ ದಿನ ನಾನೇ ಟ್ರೇ ಹಿಡಿದಿದ್ದೆ.

ಅದಕ್ಕೆ ಹೇಳುತ್ತೇನೆ, ಅಡ್ಡಾಡು. ನೀನಿರುವ ಝೊಂಬಾ 1975ರವರೆಗೆ ಆ ದೇಶದ ರಾಜಧಾನಿ ಆಗಿತ್ತಂತೆ. ಗುಡ್ಡದ ಬುಡದ ಊರು, ವಿಶ್ವವಿದ್ಯಾಲಯದ ಊರು. ನಮ್ಮ ಧಾರವಾಡದವಳಿಗೆ ಹೊಂದಿಕೊಳ್ಳುವುದು ಕಷ್ಟ ಅಲ್ಲ. ಬೆಳಿಗ್ಗೆ ಗುಡ್ಡ ಹತ್ತು, ಒಬ್ಬಳೇ ಬೇಡ. ಸಂತೆಗೆ ಹೋಗು. ಶೇಂಗಾ ಹೇಗೆ ಅಳೆಯುತ್ತಾರೆ ನೋಡು. ಕುಂಬಳದ ಎಲೆಗೆ ಶೇಂಗಾ ಹಿಟ್ಟು ಹಾಕಿ ಬೇಯಿಸುತ್ತಾರೆ ಅಂದೆಯಲ್ಲ, ಅದನ್ನು ಮಾಡುವವರ ಮನೆಯಲ್ಲೇ ಒಮ್ಮೆ ಕೂತು ಊಟ ಮಾಡು. ನಿಮ್ಮ ಜೊತೆ ಕೆಲಸ ಮಾಡುವ ಅಲ್ಲಿನ ನರ್ಸ್ ಮನೆಗೆ ಕರೆದಿದ್ದಾಳಲ್ಲ, ಬರಿಗೈಯಲ್ಲಿ ಹೋಗಬೇಡ. ಎಣ್ಣೆ, ಸಕ್ಕರೆ, ಸಾಬೂನು ಏನಾದರೂ ಒಯ್ಯಿ. ಅವಳ ಮನೆಯಲ್ಲಿ ನೀನು ಡಾಕ್ಟರಲ್ಲ, ಬೀಗರ ಮನೆಗೆ ಹೋದಷ್ಟೇ ಮರ್ಯಾದೆಯಿಂದ ಇರು. ಜೋಳದ ಮುದ್ದೆಯಂಥ ಆ ನ್ಸಿಮಾವನ್ನು ಕೈಯಲ್ಲೇ ತಿನ್ನುತ್ತಾರೆ, ನಿನಗೆ ರೂಢಿ ಇದೆ. ಮೀನು ಬೇಡ ಅಂದರೆ ಬೇಸರ ಮಾಡಿಕೊಳ್ಳಲ್ಲ, ಅವರೆಕಾಳಿನಂಥ ಕಾಳಿನ ಪಲ್ಯ ಇರುತ್ತದೆ. ರೋಗಿಗಳ ಫೋಟೋ ತೆಗೆಯಬೇಡ. ಪಟ್ಟಿ ಕಟ್ಟಿಕೊಂಡ ಮುದುಕರ ಜೊತೆ ನಿಂತು ತೆಗೆಸಿಕೊಂಡದ್ದನ್ನು ನಿಮ್ಮ ತಂಡದವರು ಸ್ಟೇಟಸ್ಸಿಗೆ ಹಾಕಿದ್ದರು. ನನಗೆ ಸರಿ ಕಾಣಲಿಲ್ಲ. ಆ ಮುದುಕರಿಗೆ ಯಾರು ತೆಗೆದರು ಅಂತಲೂ ಕಂಡಿರಲಿಕ್ಕಿಲ್ಲ.

ಮಲಾವಿ ಸರೋವರಕ್ಕೂ ಹೋಗು. ಸುಮಾರು 580 ಕಿಲೋಮೀಟರ್ ಉದ್ದ ಅಂದರೆ ಅದು ಸಮುದ್ರವೇ ಸೈ. ಆದರೆ ನೀರಿಗೆ ಇಳಿಯಬೇಡ. ದಂಡೆಯ ಜೊಂಡಿನಲ್ಲಿರುವ ಬಸವನಹುಳುವಿನಿಂದ ಬಿಲ್ಹಾರ್ಜಿಯಾ ಅನ್ನುವ ಹುಳುವಿನ ರೋಗ ಬರುತ್ತದೆ. ಮರಿಹುಳು ಚರ್ಮದೊಳಗೇ ನುಗ್ಗುತ್ತದೆ, ಗಾಯ ಬೇಕಾಗಿಲ್ಲ. ಇಲ್ಲಿ ಅಂಥದ್ದೇನೂ ಇಲ್ಲ ಅಂತ ಲಾಡ್ಜಿನವರು ಹೇಳುತ್ತಾರೆ, ನಂಬಬೇಡ. ಇಳಿದವರು ಊರಿಗೆ ಬಂದು ಕೆಲವು ವಾರ ಆದ ಮೇಲೆ ತಪಾಸಣೆ ಮಾಡಿಸಿಕೊಂಡು ಅದರ ಔಷಧಿ ಪ್ರಾಜಿಕ್ವಾಂಟೆಲ್ ತೆಗೆದುಕೊಳ್ಳಲಿ, ನಿನ್ನ ಗೆಳತಿಗೂ ಹೇಳು. ದೋಣಿಯಲ್ಲಿ ಕೂತು ನೋಡಿದರೆ ಸಾಕು. ಮಲೇರಿಯಾ ಬರದಿರಲಿ ಅಂತ ನೀನು ನುಂಗುತ್ತಿರುವ ಡಾಕ್ಸಿಸೈಕ್ಲಿನ್ನಿಗೆ ಬಿಸಿಲು ಆಗುವುದಿಲ್ಲ, ತಲೆಗೆ ಬಟ್ಟೆ ಇರಲಿ, ತೋಳು ಮುಚ್ಚಿರಲಿ. ಗುಳಿಗೆ ನುಂಗಿದ ತಕ್ಷಣ ಮಲಗಬೇಡ, ನೀರು ಜಾಸ್ತಿ ಕುಡಿ. ಊರಿಗೆ ಬಂದ ಮೇಲೂ ನಾಲ್ಕು ವಾರ ತಪ್ಪಿಸುವ ಹಾಗಿಲ್ಲ. ರಾತ್ರಿ ರಸ್ತೆ ಪ್ರಯಾಣ ಬೇಡವೇ ಬೇಡ. ಕತ್ತಲಾಗುವುದರೊಳಗೆ ಸೊಳ್ಳೆಪರದೆ ಕಟ್ಟಿದ ಕೋಣೆಗೆ ಬಂದುಬಿಡಿ.

ಇಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಪಂಚಮಿಗೆ ನಿನ್ನ ಚಿಕ್ಕವ್ವ, ಅವಳ ಮಕ್ಕಳು ಬಂದಿದ್ದರು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ಆಯಿತು. ಹಿತ್ತಲಿನ ಬೇವಿನ ಮರಕ್ಕೆ ನಿಮ್ಮಪ್ಪ ಜೋಕಾಲಿ ಕಟ್ಟಿದರು. ನಿನ್ನ ಪಾಲಿನ ಶೇಂಗಾ ಉಂಡಿ ಡಬ್ಬಿಯಲ್ಲಿದೆ, ನೀನು ಬರುವವರೆಗೆ ಕೆಡುವುದಿಲ್ಲ.

ನೀನು ಅಲ್ಲಿಗೆ ಹೋದದ್ದು ನನಗೆ ಹೆಮ್ಮೆ. ಅದನ್ನು ಫೋನಿನಲ್ಲಿ ಹೇಳಿರಲಿಲ್ಲ. ನೀವು ಕೂರಿಸುವ ಲೆನ್ಸು ಮಧುರೈನಲ್ಲಿ ತಯಾರಾದದ್ದು, ಹೊಲಿಗೆ ಇಲ್ಲದ ಸಣ್ಣ ಗಾಯದ ಆಪರೇಷನ್ನನ್ನು ನೀನು ಕಲಿತದ್ದು ನಮ್ಮ ಹುಬ್ಬಳ್ಳಿಯಲ್ಲಿ, ಬೆಳಕು ಕಾಣುವುದು ಮಲಾವಿಯ ಒಬ್ಬ ಅಜ್ಜನಿಗೆ. ಇದನ್ನು ನೆನೆದಾಗಲೆಲ್ಲ ನನಗೆ ಬಹಳ ಸಂತೋಷ ಆಗುತ್ತದೆ.

ಈ ಭಾನುವಾರ ಆ ನರ್ಸಿನ ಜೊತೆ ಸಂತೆಗೆ ಹೋದರೆ ಅವರು ಸೊಂಟಕ್ಕೆ ಸುತ್ತಿಕೊಳ್ಳುವ ಆ ಬಣ್ಣದ ಚಿತೆಂಜೆ ಬಟ್ಟೆ ಎರಡು ತಾ. ಒಂದು ಚಿಕ್ಕವ್ವನಿಗೆ, ಒಂದು ನನಗೆ. ರೇಟು ಅವಳನ್ನೇ ಕೇಳು. ಚಿಕ್ಕವ್ವನಿಗೆ ಹಸಿರು ಇರಲಿ.

ನಿನ್ನ
ಅವ್ವ